ಬೆಲ್ಲ ಹೊತ್ತ ಚಹಾದ ಹಡಗು

ಈ ಕಥೆಯನ್ನು ನಾನು ನಡುವಿನಿಂದ ಶುರು ಮಾಡುತ್ತೇನೆ. 1880ರ ದಶಕದ ಮೊದಲ ವರ್ಷಗಳು. ನಮ್ಮ ದೇಶದ ಪೂರ್ವ ಕರಾವಳಿ. ಮೂರು ಕಂಬದ ಒಂದು ಹಾಯಿಹಡಗು ಮದ್ರಾಸು, ಭೀಮುನಿಪಟ್ನಂ, ಕಾಕಿನಾಡ ಅಂತ ಒಂದೊಂದು ಬಂದರಿನಲ್ಲಿ ನಿಂತು ಸರಕು ತುಂಬಿಕೊಳ್ಳುತ್ತಿದೆ. ಏನು ಸರಕು ಗೊತ್ತಾ? ಬೆಲ್ಲ. ಚರ್ಮ ಹದ ಮಾಡುವುದಕ್ಕೆ ಬೇಕಾಗುವ ಅಳಲೆಕಾಯಿ. ಎಮ್ಮೆ ಕೊಂಬು, ಜಿಂಕೆ ಕೊಂಬು. ದಡದಲ್ಲಿ ನಿಂತು ನೋಡಿದವರಿಗೆ ಅದು ಬಾಡಿಗೆಗೆ ಓಡಾಡುವ ನೂರು ಹಡಗುಗಳಲ್ಲಿ ಒಂದು, ಅಷ್ಟೆ.

ಆ ಹಡಗಿನ ಹೆಸರು ಕಟ್ಟಿ ಸಾರ್ಕ್. ಇವತ್ತು ಲಂಡನ್ನಿನ ಗ್ರೀನಿಚ್‌ನಲ್ಲಿ ಜನ ಟಿಕೆಟ್ ತಗೊಂಡು, ಸಾಲಲ್ಲಿ ನಿಂತು ಅದನ್ನು ನೋಡುತ್ತಾರೆ. ಚೀನಾದಿಂದ ಚಹಾ ತರುವುದಕ್ಕೆ ಅಂತಲೇ ಕಟ್ಟಿದ, ಆ ಕಾಲದ ಅತಿ ವೇಗದ ಹಡಗುಗಳಲ್ಲಿ ಒಂದು. ಅಂಥ ಹಡಗಿಗೆ ಹುಟ್ಟಿ ಹನ್ನೆರಡು ಹದಿಮೂರು ವರ್ಷಕ್ಕೇ ನಮ್ಮ ಕಾಕಿನಾಡದ ಬೆಲ್ಲ ಹೊರುವ ಕೆಲಸ ಯಾಕೆ ಬಂತು? ಬಂದಮೇಲೂ ಅದು ಹೇಗೆ ಉಳಿಯಿತು? ಅದರ ಜೊತೆ ಓಡಿದ ದೊಡ್ಡ ದೊಡ್ಡ ಹೆಸರಿನ ಹಡಗುಗಳೆಲ್ಲ ಸಮುದ್ರದ ತಳ ಸೇರಿವೆ. ಇದು ಮಾತ್ರ ಇನ್ನೂ ಇದೆ. ನನ್ನ ಕುತೂಹಲ ಇರುವುದು ಅಲ್ಲಿ.

ಮೊದಲು ಚಹಾದ ಅವಸರ ಏನು ಅಂತ ನೋಡೋಣ. ಚೀನಾದ ಚಹಾ ವ್ಯಾಪಾರ ಬಹಳ ಕಾಲ ಈಸ್ಟ್ ಇಂಡಿಯಾ ಕಂಪನಿಯ ಕೈಯಲ್ಲೇ ಇತ್ತು. ಪೈಪೋಟಿ ಇಲ್ಲದ ಮೇಲೆ ಅವಸರ ಯಾರಿಗೆ? ಕಂಪನಿಯ ಹಡಗುಗಳು ದಪ್ಪ ಹೊಟ್ಟೆಯವು, ನಿಧಾನ. 1830ರ ದಶಕದಲ್ಲಿ ಆ ಏಕಸ್ವಾಮ್ಯ ಹೋಯಿತು. 1849ರಲ್ಲಿ ಬ್ರಿಟನ್ ತನ್ನ ಹಳೆಯ ನೌಕಾಯಾನ ಕಾಯ್ದೆಗಳನ್ನು ತೆಗೆದುಹಾಕಿತು, ಬೇರೆ ದೇಶದ ಹಡಗುಗಳೂ ಲಂಡನ್ನಿಗೆ ಚಹಾ ತರಬಹುದು ಅಂತಾಯಿತು. ಮರುವರ್ಷವೇ, 1850ರ ಡಿಸೆಂಬರಿನಲ್ಲಿ, ಓರಿಯೆಂಟಲ್ ಅನ್ನೋ ಅಮೆರಿಕದ ಹಡಗು ಹಾಂಗ್‌ಕಾಂಗ್‌ನಿಂದ 97 ದಿನದಲ್ಲಿ ಲಂಡನ್ ಮುಟ್ಟಿತು. ಅಲ್ಲಿಯ ಹಡಗು ಮಾಲೀಕರಿಗೆ ನಿದ್ದೆ ಹೋಯಿತು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಅವರು ಕಟ್ಟಿದ ಹಡಗುಗಳೇ ಕ್ಲಿಪ್ಪರ್‌ಗಳು. ಉದ್ದ, ಸಪೂರ, ಮುಂದಿನ ಮೂಗು ಚೂಪು, ಮೇಲೆ ಹಾಯಿಯ ರಾಶಿ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯುತ್ತೇನೆ, ಇದನ್ನು ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. ಚೀನಾದವರಿಗೆ ಇಂಗ್ಲೆಂಡಿನ ಸರಕು ಅಷ್ಟಾಗಿ ಬೇಕಿರಲಿಲ್ಲ, ಬೆಳ್ಳಿ ಕೊಟ್ಟು ಚಹಾ ಕೊಳ್ಳಬೇಕಿತ್ತು. ಆ ಬೆಳ್ಳಿ ಎಲ್ಲಿಂದ ಬಂತು? ಅಫೀಮಿನಿಂದ. ಅಫೀಮು ಬೆಳೆದದ್ದು ಎಲ್ಲಿ? ನಮ್ಮ ಬಿಹಾರ, ಬನಾರಸ್, ಮಾಳವದ ಹೊಲಗಳಲ್ಲಿ. ಕಲ್ಕತ್ತಾ ಮತ್ತು ಮುಂಬಯಿಯಿಂದ ಅದು ಚೀನಾಕ್ಕೆ ಹೋಗುತ್ತಿತ್ತು. ವೇಗದ ಹಡಗು ಮೊದಲು ಬೇಕಾಗಿದ್ದೂ ಇದೇ ದಂಧೆಗೆ. 1829ರಲ್ಲಿ ಹೌರಾದಲ್ಲಿ, ಹೂಗ್ಲಿ ನದಿಯ ದಡದಲ್ಲಿ, ರೆಡ್ ರೋವರ್ ಅನ್ನೋ ಹಡಗು ಕಟ್ಟಿದರು. ಈಶಾನ್ಯದ ಗಾಳಿಗೆ ಎದುರಾಗಿ ಚೀನಾಕ್ಕೆ ಹೋಗಬಲ್ಲ ಹಡಗು ಅದು. ಚಹಾ ಹಡಗುಗಳ ಚಂದವನ್ನು ನಾವು ಎಷ್ಟು ಹೊಗಳಿದರೂ, ಆ ಚಂದದ ಹಿಂದೆ ಗಸಗಸೆ ಹೊಲದಲ್ಲಿ ಸಾಲ ಮಾಡಿ ದುಡಿದ ನಮ್ಮ ರೈತರೂ, ಅಫೀಮಿನ ಚಟಕ್ಕೆ ಬಿದ್ದ ಚೀನಾದ ಸಂಸಾರಗಳೂ ಇವೆ. ಅದನ್ನು ಮರೆತು ಈ ಕಥೆ ಹೇಳುವುದು ಸರಿಯಲ್ಲ ಅಂತ ನನ್ನ ನಂಬಿಕೆ.

ಸರಿ, ಚಹಾಕ್ಕೆ ಬರೋಣ. ಆ ವರ್ಷದ ಮೊದಲ ಕೊಯ್ಲಿನ ಚಹಾ ಲಂಡನ್ನಿನಲ್ಲಿ ಯಾರ ಅಂಗಡಿಗೆ ಮೊದಲು ಬರುತ್ತದೋ ಅವರಿಗೆ ಒಳ್ಳೆ ಬೆಲೆ. ಅದಕ್ಕೆ ಮೊದಲು ಬಂದ ಹಡಗಿಗೆ ಟನ್ನಿಗೆ 10 ಶಿಲಿಂಗ್ ಜಾಸ್ತಿ ಬಾಡಿಗೆ ಕೊಡುತ್ತಿದ್ದರು. 1866ರ ಓಟ ಇದರಲ್ಲಿ ಬಹಳ ಹೆಸರಾದದ್ದು. ಮೇ ಕೊನೆಯಲ್ಲಿ ಚೀನಾದ ಫೂಚೌ ಬಂದರಿನಿಂದ ಹಡಗುಗಳು ಒಂದರ ಹಿಂದೆ ಒಂದು ಹೊರಟವು. ಏರಿಯಲ್, ಟೈಪಿಂಗ್, ಸೆರಿಕಾ ಅನ್ನೋ ಮೂರು ಒಂದೇ ದಿನ ಸಮುದ್ರಕ್ಕೆ ಬಿದ್ದವು. ಸುಮಾರು 14 ಸಾವಿರ ನಾಟಿಕಲ್ ಮೈಲಿ ದಾರಿ. 99 ದಿನ. ಸೆಪ್ಟೆಂಬರ್ 6ರ ರಾತ್ರಿ ಮೂರೂ ಲಂಡನ್ ಸೇರಿದವು! ಇಂಗ್ಲಿಷ್ ಕಾಲುವೆಯಲ್ಲಿ ಏರಿಯಲ್ ಮತ್ತು ಟೈಪಿಂಗ್ ಒಂದಕ್ಕೊಂದು ಕಾಣುವ ಹಾಗೆ ಓಡಿ ಬಂದಿದ್ದವು. ಕೊನೆಗೆ ಟೈಪಿಂಗ್ ಡಾಕಿನೊಳಗೆ, ಅಂದರೆ ಸರಕು ಇಳಿಸುವ ಹಡಗುಕಟ್ಟೆಯೊಳಗೆ, ಹೊಕ್ಕಿದ್ದು 28 ನಿಮಿಷ ಮೊದಲು. ಅದೂ ಗಾಳಿಯಿಂದ ಅಲ್ಲ, ಅದು ನೀರಿನಲ್ಲಿ ಕಡಿಮೆ ಆಳ ಮುಳುಗುತ್ತಿತ್ತು, ಹಾಗಾಗಿ ಭರತದ ನೀರು ಪೂರ್ತಿ ಏರುವ ಮೊದಲೇ ಡಾಕಿನೊಳಗೆ ಹೋಗೋಕೆ ಆಯಿತು. ಜಗಳ ಬೇಡ ಅಂತ ಆ 10 ಶಿಲಿಂಗನ್ನು ಎರಡೂ ಕಡೆಯವರು ಹಂಚಿಕೊಂಡರು. ಅದೇ ಕೊನೆ, ಆಮೇಲೆ ಆ ಬಹುಮಾನ ಕೊಡುವುದನ್ನೇ ವ್ಯಾಪಾರಿಗಳು ನಿಲ್ಲಿಸಿದರು.

ಊರೆಲ್ಲ ಈ ಓಟದ ಮಾತಾಡುತ್ತಿರುವಾಗ ಇನ್ನೊಂದು ಸಂಗತಿ ಕಡಿಮೆ ಜನರ ಕಣ್ಣಿಗೆ ಬಿತ್ತು. ಎರ್ಲ್ ಕಿಂಗ್ ಅನ್ನೋ ಉಗಿಹಡಗು ಅದೇ ಫೂಚೌನಿಂದ ಇವರಿಗಿಂತ ತಡವಾಗಿ ಹೊರಟು, 77 ದಿನದಲ್ಲಿ, ಇವರಿಗಿಂತ ಎರಡು ವಾರ ಮೊದಲೇ ಲಂಡನ್ ಸೇರಿಬಿಟ್ಟಿತ್ತು.

ಕರಾವಳಿಯವರು ಇಲ್ಲಿ ಜಾಸ್ತಿ ಇದ್ದೀರಿ, ಹಾಗಾಗಿ ಗಾಳಿಯ ವಿಷಯ ಬೇಗ ಅರ್ಥವಾಗುತ್ತದೆ. ಮೇ ಕೊನೆ, ಜೂನ್ ಅಂದರೆ ಏನು? ಮುಂಗಾರು. ನಮ್ಮ ಮೀನುಗಾರರು ದೋಣಿ ದಡಕ್ಕೆ ಎಳೆದು, ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಡುವವರೆಗೂ ಕಾಯುವ ಕಾಲ. ನಮಗೆ ಮಳೆ ತರುವ ಅದೇ ನೈಋತ್ಯದ ಗಾಳಿ ಚೀನಾ ಸಮುದ್ರದಲ್ಲೂ ಬೀಸುತ್ತದೆ. ಚಹಾ ಹಡಗಿಗೆ ಹೋಗಬೇಕಾದದ್ದೂ ನೈಋತ್ಯಕ್ಕೇ. ಅಂದರೆ ಮುಖಕ್ಕೆ ಮುಖ ಗಾಳಿ. ನವೆಂಬರಿನವರೆಗೆ ಕಾದರೆ ಗಾಳಿ ಬೆನ್ನಿಗೆ ಬರುತ್ತದೆ, ಆದರೆ ಹೊಸ ಚಹಾ ಕಾಯುವುದಿಲ್ಲವಲ್ಲ. ಹೀಗಾಗಿ ಕ್ಯಾಪ್ಟನ್‌ಗಳು ದಡದ ಮಗ್ಗುಲಲ್ಲೇ, ಹವಳದ ದಿಬ್ಬಗಳ ನಡುವೆ, ರಾತ್ರಿ ಬೀಸುವ ನೆಲಗಾಳಿಯನ್ನೂ ಬಿಡದೆ ಹಿಡಿದು, ಅಡ್ಡಡ್ಡ ಓಡಿಸಿ ಜಾವಾ ಸುಮಾತ್ರಾಗಳ ನಡುವಿನ ಸುಂದಾ ಜಲಸಂಧಿ ತಲುಪಬೇಕಿತ್ತು. ಅದು ದಾಟಿದರೆ ಹಿಂದೂ ಮಹಾಸಾಗರದ ಆಗ್ನೇಯ ಗಾಳಿ ಸಿಗುತ್ತದೆ, ಆಮೇಲೆ ಆಫ್ರಿಕಾದ ತುದಿ, ಆಮೇಲೆ ಅಟ್ಲಾಂಟಿಕ್. ಎದುರುಗಾಳಿಯಲ್ಲೂ ಚೆನ್ನಾಗಿ ಓಡಬೇಕು, ಬೆನ್ನುಗಾಳಿಯಲ್ಲೂ ಓಡಬೇಕು, ಗಾಳಿ ಸತ್ತಾಗಲೂ ಜಾರುತ್ತಿರಬೇಕು. ಇಷ್ಟೂ ಒಂದೇ ಹಡಗಿನಲ್ಲಿ ಬೇಕು. ಕಷ್ಟ ಅಲ್ವಾ?

ಅಂಥದ್ದೊಂದು ಹಡಗು ಬೇಕು ಅಂತ ಹೊರಟವನು ಜಾನ್ ವಿಲ್ಲಿಸ್. ಲಂಡನ್ನಿನ ಹಡಗು ಮಾಲೀಕ, ಯಾವಾಗಲೂ ಬಿಳಿ ಟೋಪಿ ಹಾಕುತ್ತಿದ್ದ, ನಾವಿಕರ ಬಾಯಲ್ಲಿ ಅವನ ಹೆಸರೇ ಬಿಳಿಟೋಪಿ ಮುದುಕ. ಆಗ ಎಲ್ಲರ ಬಾಯಲ್ಲಿ ಇದ್ದದ್ದು ಥರ್ಮಾಪಿಲಿ ಅನ್ನೋ ಹಡಗು, 1868ರಲ್ಲಿ ಅಬರ್ಡೀನಿನಲ್ಲಿ ಕಟ್ಟಿದ್ದು. ಅದನ್ನು ಸೋಲಿಸಬೇಕು ಅನ್ನೋದು ಇವನ ಹಠ. ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಸ್ಕಾಟ್ ಅಂಡ್ ಲಿಂಟನ್ ಅನ್ನೋ ಹೊಸ ಕಂಪನಿಗೆ ಕೆಲಸ ಕೊಟ್ಟ. ಲಿಂಟನ್, ಪೂರ್ತಿ ಹೆಸರು ಹರ್ಕ್ಯುಲಿಸ್ ಲಿಂಟನ್, ಹಡಗಿನ ನಕ್ಷೆ ಬರೆದ. ಟನ್ನಿಗೆ 17 ಪೌಂಡಿನಂತೆ ಒಟ್ಟು 16,150 ಪೌಂಡಿಗೆ ಒಪ್ಪಂದ. ವಿಲ್ಲಿಸ್ ಕೈಬಿಗಿಯ ಮನುಷ್ಯ, ಕೆಲಸದಲ್ಲಿ ಒಂದು ಎಳೆಯೂ ಹೆಚ್ಚುಕಮ್ಮಿ ಆಗೋಕೆ ಬಿಡಲಿಲ್ಲ. ಮರ ಇದು ಬೇಡ, ಬೇರೆ ತನ್ನಿ ಅಂತ ಹಿಂದಕ್ಕೆ ಕಳಿಸುವುದು, ಬಿಚ್ಚಿ ಮತ್ತೆ ಮಾಡಿಸುವುದು. ಪಾಪ, ಆ ಎಳೆಯ ಕಂಪನಿ ಹಡಗು ಮುಗಿಯುವ ಮೊದಲೇ ದಿವಾಳಿ ಎದ್ದಿತು. ಉಳಿದ ಕೆಲಸವನ್ನು ಡೆನ್ನಿ ಸಹೋದರರ ಕಂಪನಿ ಮುಗಿಸಿಕೊಟ್ಟಿತು. ಇವತ್ತು ನಾವು ಮೆಚ್ಚುವ ಆ ಗಟ್ಟಿತನದ ಬೆಲೆ ಕಟ್ಟಿದವರು ವಿಲ್ಲಿಸ್ ಅಲ್ಲ, ಆ ಕಂಪನಿಯವರು.

ಹಡಗಿನ ಮೈಕಟ್ಟಿನ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಅದು ಉಳಿಯುವುದಕ್ಕೆ ಒಂದು ಕಾರಣ ಇಲ್ಲೇ ಇದೆ. ಬರೀ ಮರದ ಹಡಗಾದರೆ ಒಳಗಿನ ದಪ್ಪ ದಪ್ಪ ತೊಲೆಗಳೇ ಜಾಗ ತಿನ್ನುತ್ತವೆ. ಬರೀ ಕಬ್ಬಿಣದ ಹಡಗಾದರೆ ತಳಕ್ಕೆ ಪಾಚಿ, ಚಿಪ್ಪು ಅಂಟಿಕೊಂಡು ವೇಗ ಸಾಯುತ್ತದೆ. ಚಿಪ್ಪು ಅಂಟದಂತೆ ತಾಮ್ರದ ತಗಡು ಹೊಡೆಯೋಣ ಅಂದರೆ, ಉಪ್ಪುನೀರಿನಲ್ಲಿ ತಾಮ್ರ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿದರೆ ಕಬ್ಬಿಣ ಕರಗಿಹೋಗುತ್ತದೆ. ಇದಕ್ಕೆ ಅವರು ಕಂಡುಕೊಂಡ ಉಪಾಯ ನೋಡಿ. ಪಕ್ಕೆಲುಬುಗಳು ಕಬ್ಬಿಣದವು. ಅದರ ಮೇಲೆ ಮರದ ಹಲಗೆ, ನೀರಿನ ಮಟ್ಟದ ಮೇಲೆ ತೇಗ, ಕೆಳಗೆ ರಾಕ್ ಎಲ್ಮ್ ಅನ್ನೋ ಗಟ್ಟಿ ಮರ. ಹೊರಗೆ ಮಂಟ್ಜ್ ಲೋಹ ಅನ್ನುವ ಹಿತ್ತಾಳೆಯ ತಗಡು, ನೂರಕ್ಕೆ ಅರವತ್ತರಷ್ಟು ತಾಮ್ರ, ಉಳಿದದ್ದು ಸತು. ನಡುವಿನ ಮರದಿಂದಾಗಿ ಎರಡು ಲೋಹ ಒಂದಕ್ಕೊಂದು ಮುಟ್ಟುವುದಿಲ್ಲ. ಒಳಗೆ ಜಾಗ ಉಳಿಯಿತು, ತಳವೂ ನುಣುಪಾಗಿ ಉಳಿಯಿತು. ಉದ್ದ 212 ಅಡಿ, ಅಗಲ ಬರೀ 36 ಅಡಿ. ನಡುಗಂಬ 150 ಅಡಿಗೂ ಮೇಲೆ. ಎಲ್ಲ ಹಾಯಿ ಬಿಚ್ಚಿದರೆ 32 ಸಾವಿರ ಚದರ ಅಡಿ ಬಟ್ಟೆ. ನಮ್ಮಲ್ಲಿ ಮೂವತ್ತು ನಲವತ್ತರ ಸೈಟು ಅಂತೀವಲ್ಲ, ಅಂಥ ಇಪ್ಪತ್ತಾರು ಸೈಟಿನ ಮೇಲೆ ಚಪ್ಪರ ಹಾಕಬಹುದು. ಇಷ್ಟನ್ನೂ ನಿಭಾಯಿಸಿದವರು ಇಪ್ಪತ್ತೈದು ಮೂವತ್ತು ಜನ.

ಹೆಸರಿನ ಕಥೆ ಹೇಳುತ್ತೇನೆ, ಮಕ್ಕಳೂ ಬಂದಿದ್ದಾರೆ. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಬರೆದ ಟ್ಯಾಮ್ ಓ ಶಾಂಟರ್ ಅನ್ನೋ ಕಥನಕವನ ಇದೆ. ಟ್ಯಾಮ್ ಅನ್ನೋ ರೈತ ಸಂತೆ ದಿನ ಕಂಠಪೂರ್ತಿ ಕುಡಿದು, ಮಳೆ ಗುಡುಗಿನ ರಾತ್ರಿ ಮೆಗ್ ಅನ್ನೋ ಕುದುರೆ ಏರಿ ಮನೆ ಕಡೆ ಹೊರಡುತ್ತಾನೆ. ದಾರಿಯಲ್ಲಿ ಒಂದು ಪಾಳು ಚರ್ಚು. ಒಳಗೆ ದೀಪ. ಇಣುಕಿ ನೋಡಿದರೆ ಮಾಟಗಾತಿಯರು ಕುಣಿಯುತ್ತಿದ್ದಾರೆ. ಅವರಲ್ಲಿ ನ್ಯಾನಿ ಅನ್ನೋ ಹರೆಯದವಳು ಒಂದು ಗಿಡ್ಡ ಅಂಗಿ ತೊಟ್ಟಿದ್ದಾಳೆ. ಆ ಗಿಡ್ಡ ಅಂಗಿಗೇ ಸ್ಕಾಟ್ಲೆಂಡಿನ ಮಾತಿನಲ್ಲಿ ಕಟ್ಟಿ ಸಾರ್ಕ್ ಅನ್ನುವುದು. ಕುಣಿತ ನೋಡಿ ಮೈಮರೆತ ಟ್ಯಾಮ್, ಭೇಷ್ ಗಿಡ್ಡಂಗಿ ಅಂತ ಕೂಗಿಬಿಡುತ್ತಾನೆ. ಅಷ್ಟೇ, ದೀಪ ಆರಿತು, ಎಲ್ಲರೂ ಬೆನ್ನಟ್ಟಿದರು. ಹರಿಯುವ ನೀರು ದಾಟುವ ಶಕ್ತಿ ಮಾಟಗಾತಿಯರಿಗೆ ಇಲ್ಲ ಅನ್ನೋದು ಅಲ್ಲಿಯ ನಂಬಿಕೆ. ಟ್ಯಾಮ್ ಡೂನ್ ನದಿಯ ಸೇತುವೆ ಏರಿ ಬಚಾವಾದ, ಆದರೆ ನ್ಯಾನಿಯ ಕೈಗೆ ಕುದುರೆಯ ಬಾಲ ಸಿಕ್ಕಿತು, ಕಿತ್ತು ಬಂತು. ಹಡಗಿನ ಮೂತಿಯಲ್ಲಿ ಇರುವ ಬಿಳಿ ಗೊಂಬೆ ಇವಳೇ. ಎಡಗೈ ಮುಂದೆ ಚಾಚಿದ್ದಾಳೆ, ಕೈಯಲ್ಲಿ ಬಾಲ. ಹಡಗು ಬಂದರಿಗೆ ಬರುವಾಗ ಹುಡುಗರು ಹಳೆ ಹಗ್ಗದ ನಾರು ಬಿಚ್ಚಿ ಬಾಲ ಮಾಡಿ ಅವಳ ಕೈಗೆ ಸಿಕ್ಕಿಸುತ್ತಿದ್ದರು.

ಹಡಗನ್ನು ನೀರಿಗಿಳಿಸಿದ್ದು 1869ರ ನವೆಂಬರ್ 22ರಂದು. ಅದಕ್ಕೆ ಬರೀ ಐದು ದಿನ ಮೊದಲು, ನವೆಂಬರ್ 17ರಂದು, ಸೂಯೆಜ್ ಕಾಲುವೆ ತೆರೆದಿತ್ತು. ಆಫ್ರಿಕಾ ಸುತ್ತುವ ಅಗತ್ಯವೇ ಇಲ್ಲ, ದಾರಿ ಮೂರು ಸಾವಿರ ಮೈಲಿಗೂ ಜಾಸ್ತಿ ಕಡಿಮೆಯಾಯಿತು. ಆದರೆ ಅದು ಉಗಿಹಡಗಿಗೆ ಮಾತ್ರ. ಹಾಯಿಹಡಗನ್ನು ಕಾಲುವೆಯಲ್ಲಿ ಎಳೆಸಿಕೊಂಡು ಹೋಗಬೇಕು, ಆಮೇಲೆ ಕೆಂಪು ಸಮುದ್ರದ ಕೆಟ್ಟ ಗಾಳಿಯ ಜೊತೆ ಒದ್ದಾಡಬೇಕು. ಮೊದಮೊದಲು ಕ್ಲಿಪ್ಪರಿನವರಿಗೆ ಇದರ ಬಿಸಿ ಅಷ್ಟು ತಟ್ಟಲಿಲ್ಲ. 1870ರ ಫೆಬ್ರವರಿ 16ಕ್ಕೆ ಕಟ್ಟಿ ಸಾರ್ಕ್ ಜಾರ್ಜ್ ಮೂಡಿ ಅನ್ನೋ ಕ್ಯಾಪ್ಟನ್ ಕೈಯಲ್ಲಿ ಶಾಂಘೈಗೆ ಹೊರಟಿತು, ಅಕ್ಟೋಬರಿನಲ್ಲಿ 13 ಲಕ್ಷ ಪೌಂಡ್ ತೂಕದ ಚಹಾ ಹೊತ್ತು ವಾಪಸಾಯಿತು. ನಮ್ಮ ಲೆಕ್ಕದಲ್ಲಿ ಆರು ಲಕ್ಷ ಕಿಲೋ ಹತ್ತಿರ. ಚಹಾದ ಪೆಟ್ಟಿಗೆಗಳನ್ನು ಜೋಡಿಸುವುದು ಚೀನಾದ ಹಮಾಲರ ಕೈಚಳಕ. ತಳದಲ್ಲಿ ಜಲ್ಲಿ ಹರಡಿ ಸಮ ಮಾಡಿ, ಮೇಲೆ ಪೆಟ್ಟಿಗೆಗಳನ್ನು ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ, ನಡುವೆ ಕೈ ತೂರದ ಹಾಗೆ ಕೂರಿಸುತ್ತಿದ್ದರು. ಓಟದ ಹೆಸರೆಲ್ಲ ಕ್ಯಾಪ್ಟನ್‌ಗೆ ಹೋಗುತ್ತದೆ, ಆದರೆ ಆ ಜೋಡಣೆ ಸರಿಯಿಲ್ಲದಿದ್ದರೆ ಹಡಗು ಒಂದು ಕಡೆ ವಾಲಿ ಓಟವೇ ಇಲ್ಲ.

ಈಗ ನಾನು ಇಲ್ಲಿಗೆ ಬಂದದ್ದೇ ಯಾವುದನ್ನು ಹೇಳುವುದಕ್ಕೋ ಅದಕ್ಕೆ ಬಂದೆ.

1872ರ ಜೂನ್. ಕಟ್ಟಿ ಸಾರ್ಕ್ ಮತ್ತು ಥರ್ಮಾಪಿಲಿ ಎರಡೂ ಶಾಂಘೈಯಿಂದ ಒಟ್ಟಿಗೆ ಹೊರಟವು. ವಿಲ್ಲಿಸ್ ಕಾಯುತ್ತಿದ್ದ ಗಳಿಗೆ ಇದೇ. ಚೀನಾ ಸಮುದ್ರದಲ್ಲಿ ಒಮ್ಮೆ ಇದು ಮುಂದೆ, ಒಮ್ಮೆ ಅದು ಮುಂದೆ. ಸುಂದಾ ದಾಟಿ ಹಿಂದೂ ಮಹಾಸಾಗರಕ್ಕೆ ಬಿದ್ದಮೇಲೆ ಆಗ್ನೇಯ ಗಾಳಿಯಲ್ಲಿ ಕಟ್ಟಿ ಸಾರ್ಕ್ ಎಳೆದುಕೊಂಡು ಹೋಯಿತು, ಸುಮಾರು 400 ಮೈಲಿ ಮುಂದೆ. ಗೆದ್ದ ಹಾಗೆಯೇ. ಆಗಸ್ಟ್ ನಡುವಿನಲ್ಲಿ ಬಿರುಗಾಳಿ ಎದ್ದಿತು. ಒಂದು ದೊಡ್ಡ ಅಲೆ ಹಿಂದಿನಿಂದ ಬಡಿದು ಚುಕ್ಕಾಣಿಯನ್ನೇ ಕಿತ್ತುಕೊಂಡು ಹೋಯಿತು.

ಚುಕ್ಕಾಣಿ ಇಲ್ಲದ ಹಡಗು ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಅಲೆಗೆ ಅಡ್ಡ ಬಿದ್ದರೆ ಮುಗಿಯಿತು. ಹಡಗಿನಲ್ಲಿ ಮಾಲೀಕನ ತಮ್ಮ ರಾಬರ್ಟ್ ವಿಲ್ಲಿಸ್ ಕೂಡ ಇದ್ದ. ಅವನು ಹೇಳಿದ: ಕೇಪ್‌ಟೌನಿಗೆ ನಡೆ, ಅಲ್ಲಿ ರಿಪೇರಿ ಮಾಡಿಸೋಣ. ಮೂಡಿ ಒಪ್ಪಲಿಲ್ಲ. ಮಾಲೀಕನ ತಮ್ಮನಿಗೂ ಕ್ಯಾಪ್ಟನ್‌ಗೂ ಎಲ್ಲರ ಎದುರೇ ಜೋರು ಮಾತಾಯಿತು. ಬಂದರಿಗೆ ಹೋದರೆ ಓಟ ಹೋಯಿತು, ಅದು ಮೂಡಿಗೆ ಗೊತ್ತು. ಅವನು ಹಡಗಿನ ಬಡಗಿಯನ್ನು ಕರೆದ. ಹೆನ್ರಿ ಹೆಂಡರ್ಸನ್ ಅವನ ಹೆಸರು. ಇಲ್ಲೇ, ಈ ಸಮುದ್ರದ ನಡುವೆಯೇ, ಹೊಸ ಚುಕ್ಕಾಣಿ ಮಾಡು ಅಂದ.

ಯೋಚನೆ ಮಾಡಿ. ದಡದಲ್ಲಿ, ಒಳ್ಳೆ ಬಿಸಿಲಿನಲ್ಲಿ, ನಮ್ಮ ಆಚಾರಿಗಳಿಗೆ ಒಂದು ದೋಣಿಗೆ ಚುಕ್ಕಾಣಿ ಕೂರಿಸುವುದಕ್ಕೇ ಎಷ್ಟು ಹೊತ್ತು ಬೇಕು! ಇಲ್ಲಿ ಮರ ಅಂದರೆ ಹಡಗಿನಲ್ಲಿ ಇದ್ದ ಹೆಚ್ಚುವರಿ ಕಂಬದ ತುಂಡು. ಕಬ್ಬಿಣ ಅಂದರೆ ಕೈಗೆ ಸಿಕ್ಕ ಸಲಾಕೆ. ಡೆಕ್ಕಿನ ಮೇಲೆ ಕುಲುಮೆ ಹೂಡಿದರು. ನೆಲವೇ ನಿಲ್ಲುತ್ತಿಲ್ಲ, ಅಲೆ ಒಳಗೆ ನುಗ್ಗಿ ಹೋಗುತ್ತಿದೆ, ಅದರಲ್ಲಿ ಕೆಂಪಗೆ ಕಾದ ಕಬ್ಬಿಣ ಬಡಿಯಬೇಕು. ಅದೃಷ್ಟಕ್ಕೆ, ಟಿಕೆಟ್ ಇಲ್ಲದೆ ಕದ್ದು ಹತ್ತಿದ್ದ ಇಬ್ಬರು ಹಡಗಿನಲ್ಲಿ ಇದ್ದರು, ಒಬ್ಬ ಕಮ್ಮಾರ, ಇನ್ನೊಬ್ಬ ಬಡಗಿ! ಕ್ಯಾಪ್ಟನ್ನನ ಮಗ ತಿದಿ ಒತ್ತುತ್ತಿದ್ದ. ಒಂದು ಹೊಯ್ದಾಟಕ್ಕೆ ಕುಲುಮೆ ಮಗುಚಿ ಕೆಂಡ ಆ ಹುಡುಗನ ಮೈಮೇಲೆ ಬಿತ್ತು, ಸುಟ್ಟಿತು. ಆದರೂ ಕೆಲಸ ನಿಲ್ಲಲಿಲ್ಲ. ಆರು ದಿನ. ಆರನೆಯ ದಿನಕ್ಕೆ ಚುಕ್ಕಾಣಿ ಸಿದ್ಧ.

ಮಾಡಿದ್ದಾಯಿತು, ಕೂರಿಸುವುದು ಹೇಗೆ? ಅಷ್ಟು ಭಾರದ್ದನ್ನು ಹಡಗಿನ ಹಿಂಬದಿಯಲ್ಲಿ ನೀರಿಗೆ ಇಳಿಸಿ, ಕೆಳಗೆ ಯಾರೂ ಹೋಗೋಕೆ ಆಗದ ಜಾಗದಲ್ಲಿ, ಸರಪಳಿ ಹಗ್ಗಗಳಿಂದ ಎಳೆದು ಎಳೆದು ಅದರ ಜಾಗಕ್ಕೆ ತಂದು ಬಿಗಿಯಬೇಕು. ಬಿಗಿದರು. ಹಡಗು ಮತ್ತೆ ಓಡಿತು. ಪೂರ್ತಿ ವೇಗ ಕೊಡೋಕೆ ಆಗಲಿಲ್ಲ, ಜೋರು ಮಾಡಿದರೆ ಚುಕ್ಕಾಣಿ ತಡೆಯುವುದಿಲ್ಲ. ಅಟ್ಲಾಂಟಿಕ್‌ನಲ್ಲಿ ಅದರ ಕಟ್ಟುಗಳು ಮತ್ತೆ ಬಿಟ್ಟುಕೊಂಡವು, ಮತ್ತೆ ಮೇಲೆತ್ತಿ ಸರಿ ಮಾಡಿದರು. ಅಕ್ಟೋಬರ್ 18ಕ್ಕೆ ಲಂಡನ್. 122 ದಿನ. ಥರ್ಮಾಪಿಲಿ ಒಂದು ವಾರ ಮೊದಲೇ ಬಂದು ಚಹಾ ಇಳಿಸಿಯಾಗಿತ್ತು.

ಸೋತರು. ಆದರೆ ಲಂಡನ್ನಿನ ಹಡಗುಕಟ್ಟೆಯಲ್ಲಿ ಆ ವರ್ಷ ಜನ ಮಾತಾಡಿದ್ದು ಸೋತ ಹಡಗಿನ ಬಗ್ಗೆ. ನನಗೂ ಇದೇ ಹಿಡಿಸುವುದು. ಗಾಳಿ ಚೆನ್ನಾಗಿದ್ದರೆ ಯಾವ ಹಡಗಾದರೂ ಓಡುತ್ತದೆ. ಈ ಹಡಗಿನ ಹಣೆಯಲ್ಲಿ ಬರೆದದ್ದು ಬೇರೆ: ಮತ್ತೆ ಮತ್ತೆ ಮುರಿಯುವುದು, ಮತ್ತೆ ಯಾರೋ ಒಬ್ಬರು ಕೈಹಾಕಿ ಎತ್ತಿ ನಿಲ್ಲಿಸುವುದು. ಮುಂದಿನದ್ದನ್ನು ಕೇಳುವಾಗ ಇದು ನೆನಪಿರಲಿ. ಮೂಡಿ ಮಾತ್ರ ಆ ಜಗಳದ ನಂತರ ಹಡಗು ಬಿಟ್ಟು ಉಗಿಹಡಗಿನ ಕೆಲಸಕ್ಕೆ ಹೋದ.

ಆಮೇಲಿನ ವರ್ಷಗಳಲ್ಲಿ ಚಹಾ ಕೈಬಿಟ್ಟುಹೋಯಿತು. ಸೂಯೆಜ್ ಮೂಲಕ ಬರುವ ಉಗಿಹಡಗುಗಳೇ ಒಳ್ಳೆಯ ಚಹಾವನ್ನೆಲ್ಲ ಎತ್ತುತ್ತಿದ್ದವು. ಕಟ್ಟಿ ಸಾರ್ಕ್ ಚೀನಾದಿಂದ ಚಹಾ ತಂದದ್ದು ಒಟ್ಟು ಎಂಟೇ ಸಲ, ಕೊನೆಯದ್ದು 1877ರಲ್ಲಿ. ಇನ್ನೊಂದು ಕಡೆ ಚಹಾವೇ ಊರು ಬದಲಿಸುತ್ತಿತ್ತು. ಅಸ್ಸಾಮಿನ ಚಹಾ ಲಂಡನ್ನಿನ ಹರಾಜಿಗೆ ಮೊದಲು ಬಂದದ್ದು 1839ರಲ್ಲಿ. 1888ರ ಹೊತ್ತಿಗೆ ಬ್ರಿಟನ್‌ಗೆ ಚೀನಾದ ಚಹಾಕ್ಕಿಂತ ಭಾರತದ್ದೇ ಜಾಸ್ತಿ ಬರುತ್ತಿತ್ತು. ಕಟ್ಟಿ ಸಾರ್ಕ್ ಕೂಡ ಒಮ್ಮೆ ಕಲ್ಕತ್ತಾದಿಂದ ಮೆಲ್ಬರ್ನ್‌ಗೆ ನಮ್ಮ ಚಹಾ ಸಾಗಿಸಿದೆ.

ಕೆಲಸ ಹುಡುಕಿ ಅಲೆಯುವ ಹಡಗಾಯಿತು ಅದು. ಕಲ್ಲಿದ್ದಲು, ಸೆಣಬು, ನಾನು ಮೊದಲು ಹೇಳಿದ ಬೆಲ್ಲ, ಏನು ಸಿಕ್ಕರೆ ಅದು. 1880ರ ಪಯಣ ಬಹಳ ಕೆಟ್ಟದ್ದು. ಸಿಡ್ನಿ ಸ್ಮಿತ್ ಅನ್ನೋ ಮೊದಲ ಅಧಿಕಾರಿ ಜಾನ್ ಫ್ರಾನ್ಸಿಸ್ ಅನ್ನೋ ನಾವಿಕನನ್ನು ಜಗಳದಲ್ಲಿ ಮರದ ಸಲಾಕೆಯಿಂದ ಹೊಡೆದು ಕೊಂದ. ಕ್ಯಾಪ್ಟನ್ ವಾಲೇಸ್ ಒಳ್ಳೆಯ ಮನುಷ್ಯ, ಆದರೆ ಮನಸ್ಸು ಮೆತ್ತಗೆ. ಜಾವಾದ ಅಂಜೇರ್‌ನಲ್ಲಿ ಸ್ಮಿತ್ ತಪ್ಪಿಸಿಕೊಳ್ಳುವುದಕ್ಕೆ ಬಿಟ್ಟ. ನಾವಿಕರು ಸಿಟ್ಟಿಗೆದ್ದು ಕೆಲಸ ನಿಲ್ಲಿಸಿದರು. ಗಾಳಿಯೂ ಸತ್ತಿತು. ಮೂರು ದಿನ ಹಡಗು ಕದಲಲಿಲ್ಲ. ಮುಂದೆ ವಿಚಾರಣೆ, ಅವಮಾನ ಕಾದಿತ್ತು. ವಾಲೇಸ್ ಸಮುದ್ರಕ್ಕೆ ಹಾರಿದ, ಹೆಣವೂ ಸಿಗಲಿಲ್ಲ. ಆಮೇಲೆ ಬಂದ ಕ್ಯಾಪ್ಟನ್ ಕುಡುಕ. ಹೆಚ್ಚು ಹೇಳೋಕೆ ನನಗೂ ಇಷ್ಟವಿಲ್ಲ. ಕಾಕಿನಾಡದಲ್ಲಿ ಬೆಲ್ಲ ತುಂಬಿದ್ದು ಇಷ್ಟೆಲ್ಲ ಆದಮೇಲೆ, ಮೂರ್ ಅನ್ನೋ ಹೊಸ ಕ್ಯಾಪ್ಟನ್ ಬಂದು ಹಡಗನ್ನು ಮತ್ತೆ ಒಂದು ಶಿಸ್ತಿಗೆ ತಂದಾಗ. ಹಾಗಾಗಿ ಆ ಬೆಲ್ಲ ನನಗೆ ಇಳಿತದ ಗುರುತಾಗಿ ಕಾಣುವುದಿಲ್ಲ, ಚೇತರಿಕೆಯ ಮೊದಲ ತುತ್ತು ಅದು.

1883ರಿಂದ ಆಸ್ಟ್ರೇಲಿಯಾದ ಉಣ್ಣೆಯ ಕೆಲಸ ಸಿಕ್ಕಿತು. ಅಲ್ಲಿ ಗಾಳಿ ಬೇರೆ. ಕೇಪ್ ಹಾರ್ನ್ ಬಳಸಿ ಬರುವ ದಕ್ಷಿಣದ ದಾರಿಯಲ್ಲಿ ಪಶ್ಚಿಮದ ಬಿರುಗಾಳಿ ವಾರಗಟ್ಟಲೆ ಬೀಸುತ್ತದೆ, ಉಗಿಹಡಗಿಗೆ ಅಲ್ಲಿ ದಾರಿಯಲ್ಲಿ ಕಲ್ಲಿದ್ದಲು ಸಿಗುವುದಿಲ್ಲ. 1885ರಲ್ಲಿ ರಿಚರ್ಡ್ ವುಡ್ಜೆಟ್ ಕ್ಯಾಪ್ಟನ್ ಆದ. ನಾಯಿ ಸಾಕುತ್ತಿದ್ದ, ಫೋಟೋ ತೆಗೆಯುತ್ತಿದ್ದ, ಡೆಕ್ಕಿನ ಕೆಳಗೆ ಜಾರುಗಾಲಿ ಕಟ್ಟಿಕೊಂಡು ಓಡುತ್ತಿದ್ದ ಮನುಷ್ಯ. ಹಡಗನ್ನು ಮಾತ್ರ ಹಿಮಗಡ್ಡೆಗಳಿರುವಷ್ಟು ದಕ್ಷಿಣಕ್ಕೆ, ಭಯವಿಲ್ಲದೆ ಇಳಿಸುತ್ತಿದ್ದ. ಸಿಡ್ನಿಯಿಂದ ಲಂಡನ್ನಿಗೆ ಮೊದಲ ಸಲವೇ 73 ದಿನ. ಆ ದಾರಿಯಲ್ಲಿ ಥರ್ಮಾಪಿಲಿಯನ್ನೂ ಹಿಂದೆ ಹಾಕಿದ. ಬಿಳಿಟೋಪಿ ಮುದುಕನ ಹಠ ಚಹಾದಲ್ಲಿ ತೀರಲಿಲ್ಲ, ಉಣ್ಣೆಯಲ್ಲಿ ತೀರಿತು.

1889ರ ಜುಲೈನ ಒಂದು ರಾತ್ರಿಯ ಮಾತು. ಬ್ರಿಟಾನಿಯಾ ಅನ್ನೋ ಆ ಕಾಲದ ಹೊಸ ಪ್ರಯಾಣಿಕರ ಉಗಿಹಡಗು ಆಸ್ಟ್ರೇಲಿಯಾದ ತೀರದಲ್ಲಿ ಸಿಡ್ನಿ ಕಡೆ ಹೋಗುತ್ತಿತ್ತು. ಹಿಂದಿನಿಂದ ಒಂದು ದೀಪ ಹತ್ತಿರ ಬರುತ್ತಿದೆ. ಯಾವುದೋ ಉಗಿಹಡಗು ಅಂದುಕೊಂಡರು ಅಲ್ಲಿಯ ಅಧಿಕಾರಿಗಳು. ಪಕ್ಕಕ್ಕೆ ಬಂದಾಗ ನೋಡಿದರೆ ಹಾಯಿ! ಕಟ್ಟಿ ಸಾರ್ಕ್ 17 ನಾಟ್, ಅಂದರೆ ಗಂಟೆಗೆ 17 ನಾಟಿಕಲ್ ಮೈಲಿ ವೇಗದಲ್ಲಿ ಅವರನ್ನು ದಾಟಿ ಹೋಯಿತು. ಇಪ್ಪತ್ತು ವರ್ಷ ಹಳೆಯ ಹಡಗು, ಕಾಲ ಮುಗಿಯಿತು ಅಂತ ಎಲ್ಲರೂ ಹೇಳಿದ್ದ ಹಡಗು.

ಆದರೂ ಬಾಡಿಗೆ ಇಳಿಯುತ್ತಾ ಹೋಯಿತು. 1895ರಲ್ಲಿ ವಿಲ್ಲಿಸ್ ಅದನ್ನು ಪೋರ್ಚುಗೀಸ್ ಕಂಪನಿಯೊಂದಕ್ಕೆ ಮಾರಿದ. ಹೆಸರು ಫೆರೈರಾ ಅಂತಾಯಿತು. ಪೋರ್ಚುಗೀಸ್ ನಾವಿಕರು ತಮ್ಮೊಳಗೆ ಅದನ್ನು ಪೆಕೆನಾ ಕಮಿಸೋಲಾ ಅನ್ನುತ್ತಿದ್ದರು, ಅಂದರೆ ಪುಟ್ಟ ಅಂಗಿ. ಹಲಗೆ ಮೇಲಿನ ಹೆಸರು ಅಳಿಸಿದರೂ ಬಾಯಿಮಾತಿನಲ್ಲಿ ಹಳೆಯ ಹೆಸರೇ ಉಳಿಯಿತು, ನೋಡಿ. 1916ರಲ್ಲಿ ಆಫ್ರಿಕಾದ ತುದಿಯ ಹತ್ತಿರ ಬಿರುಗಾಳಿಗೆ ಸಿಕ್ಕಿ ಕಂಬಗಳು ಹೋದವು. ಯುದ್ಧದ ಕಾಲ, ಒಳ್ಳೆಯ ಮರ ಸಿಗದೆ ಸಣ್ಣ ಹಾಯಿಯ ಹಡಗಾಗಿ ರಿಪೇರಿ ಮಾಡಿದರು. ಇಷ್ಟರಲ್ಲಿ ಉಳಿದವು ಏನಾದವು? ಟೈಪಿಂಗ್ 1871ರಲ್ಲಿ ಒಡೆಯಿತು. ಏರಿಯಲ್ ಮರುವರ್ಷ ಹೋದದ್ದು ಹೋಗೇಬಿಟ್ಟಿತು, ಸುಳಿವೇ ಇಲ್ಲ. ಥರ್ಮಾಪಿಲಿಯನ್ನು 1907ರಲ್ಲಿ ಪೋರ್ಚುಗಲ್ಲಿನ ನೌಕಾಪಡೆ ತಾನೇ ಟಾರ್ಪಿಡೋ ಹೊಡೆದು ಮುಳುಗಿಸಿತು.

1922ರಲ್ಲಿ ಈ ಹಳೆ ಹಡಗು ಗಾಳಿಗೆ ಹೆದರಿ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ಹೊಕ್ಕಿತು. ದಡದಲ್ಲಿದ್ದ ವಿಲ್ಫ್ರೆಡ್ ಡೌಮನ್ ಅನ್ನೋ ಕ್ಯಾಪ್ಟನ್ ಅದನ್ನು ನೋಡಿ ಗುರುತು ಹಿಡಿದ. 1894ರಲ್ಲಿ, ಇನ್ನೂ ಕಲಿಯುವ ಹುಡುಗನಾಗಿದ್ದಾಗ, ತಾನಿದ್ದ ಹಡಗನ್ನು ಕಟ್ಟಿ ಸಾರ್ಕ್ ದಾಟಿ ಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಇಪ್ಪತ್ತೆಂಟು ವರ್ಷ ಮರೆತಿರಲಿಲ್ಲ. 3,750 ಪೌಂಡ್ ಕೊಟ್ಟು ಕೊಂಡ. ಆ ಹಡಗಿಗೆ ಅಷ್ಟು ಬೆಲೆ ಇರಲಿಲ್ಲ. ಹಳೆಯ ಹೆಸರು ಮತ್ತೆ ಬರೆಸಿದ, ಹಾಯಿ ಕಂಬ ಮೊದಲಿನ ಹಾಗೆ ಮಾಡಿಸಿದ. ಅವನು ತೀರಿಕೊಂಡ ಮೇಲೆ ಹೆಂಡತಿ 1938ರಲ್ಲಿ ಅದನ್ನು ಥೇಮ್ಸ್ ದಡದ ನಾವಿಕರ ತರಬೇತಿ ಶಾಲೆಗೆ ಕೊಟ್ಟಳು. ಅಲ್ಲಿಂದ 1954ರಲ್ಲಿ ಗ್ರೀನಿಚ್‌ನ ಡ್ರೈ ಡಾಕಿಗೆ, ಅಂದರೆ ನೀರು ತೆಗೆದ ಹಡಗುಕಟ್ಟೆಗೆ ಬಂತು, 1957ರಲ್ಲಿ ಜನರಿಗೆ ತೆರೆಯಿತು.

ಇನ್ನೂ ಒಂದು ಪೆಟ್ಟು ಬಾಕಿ ಇತ್ತು. 2007ರ ಮೇ 21ರ ಬೆಳಗಿನ ಜಾವ ಹಡಗಿಗೆ ಬೆಂಕಿ ಬಿತ್ತು. ದುರಸ್ತಿ ಕೆಲಸದವರು ಬಳಸುತ್ತಿದ್ದ ದೊಡ್ಡ ವ್ಯಾಕ್ಯೂಮ್ ಯಂತ್ರವನ್ನು ಆರಿಸದೆ ಬಿಟ್ಟಿದ್ದೇ ಕಾರಣ ಇರಬೇಕು ಅಂತ ಆಮೇಲೆ ಗೊತ್ತಾಯಿತು. ಟಿವಿಯಲ್ಲಿ ಆ ಜ್ವಾಲೆ ನೋಡಿದವರು ಎಲ್ಲ ಮುಗಿಯಿತು ಅಂದುಕೊಂಡರು, ನಾನೂ ಹಾಗೇ ಅಂದುಕೊಂಡೆ. ಆದರೆ ಕಂಬಗಳು, ಗೊಂಬೆ, ಅರ್ಧದಷ್ಟು ಹಲಗೆಗಳು ಆ ದಿನ ಹಡಗಿನಲ್ಲಿ ಇರಲೇ ಇಲ್ಲ. ರಿಪೇರಿಗೆ ಅಂತ ಬಿಚ್ಚಿ, ನಂಬರು ಹಾಕಿ, ಬೇರೆ ಕಡೆ ಇಟ್ಟಿದ್ದರು. ಸುಟ್ಟದ್ದರಲ್ಲಿ ಜಾಸ್ತಿ ಪಾಲು ಮೂಲದ್ದಲ್ಲದ, ಆಮೇಲೆ ಹಾಕಿದ್ದ ಡೆಕ್ಕುಗಳು. 1869ರ ಕಬ್ಬಿಣದ ಪಕ್ಕೆಲುಬುಗಳು ಬೆಂಕಿಯಲ್ಲೂ ನಿಂತವು. 2012ರ ಏಪ್ರಿಲಿನಲ್ಲಿ ಮತ್ತೆ ತೆರೆದರು.

ಮಗಳು ಲಂಡನ್ನಿನಲ್ಲಿ ಕೆಲಸದಲ್ಲಿದ್ದಾಗ ನಾನು ಹೋಗಿ ನೋಡಿದೆ. ನಿಮ್ಮ ಮಕ್ಕಳೂ ಅಲ್ಲಿ ಇದ್ದಾರು, ಹೋದರೆ ಒಂದು ಮಧ್ಯಾಹ್ನ ಇದಕ್ಕೆ ಇಟ್ಟುಕೊಳ್ಳಿ. ಈಗ ಹಡಗನ್ನು ಮೂರು ಮೀಟರ್ ಮೇಲೆತ್ತಿ ನಿಲ್ಲಿಸಿದ್ದಾರೆ, ಅದರ ಹೊಟ್ಟೆಯ ಕೆಳಗೇ ನಡೆದಾಡಬಹುದು. ತಲೆಯ ಮೇಲೆ ಹಿತ್ತಾಳೆಯ ತಗಡು ಹೊಳೆಯುತ್ತಿರುತ್ತದೆ. ಎಲ್ಲರೂ ಮೊದಲು ಮುಂದಿನ ನ್ಯಾನಿಯನ್ನು ನೋಡೋಕೆ ಹೋಗುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನೀವು ಹಿಂದಕ್ಕೆ ಹೋಗಿ. ಚುಕ್ಕಾಣಿ ಕೂತಿರುವ ಜಾಗದ ಕೆಳಗೆ ನಿಂತು ಕತ್ತೆತ್ತಿ ನೋಡಿ, ಎಷ್ಟು ದೊಡ್ಡದು, ಎಷ್ಟು ಎತ್ತರದಲ್ಲಿ ಇದೆ ಅಂತ. ಹೆಂಡರ್ಸನ್ ಮತ್ತು ಅವನ ಜೊತೆಯವರು ಅಂಥದ್ದನ್ನು ಸರಪಳಿಗೆ ಕಟ್ಟಿ, ಕಣ್ಣಿಗೆ ಕಾಣದ ಆಳದಲ್ಲಿ, ಏಳುತ್ತಾ ಬೀಳುತ್ತಾ ಇರುವ ಹಡಗಿಗೆ ಸಿಕ್ಕಿಸಿದ್ದು ಅಲ್ಲಿ.